ಹಳೆಯ ಆಂಪ್ಲಿಫೈಯರ್, ಹಳೆಯ ಸ್ಪೀಕರ್: ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು?

ಸಪ್ತಾಪುರ_ಕೇಳುಗ:
ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಅಪ್ಪ ಆಕಾಶವಾಣಿಯಿಂದ ತುಂಬಿಕೊಂಡ ಕ್ಯಾಸೆಟ್‌ಗಳು ನಮ್ಮ ಮನೆಯಲ್ಲಿ ಅರವತ್ತರ ಹತ್ತಿರ ಇವೆ. ಹೆಚ್ಚಿನವು ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್ಲ ಅವರದ್ದು. ಅಪ್ಪ ಹೋಗಿ ಎರಡು ವರ್ಷ ಆಯಿತು. ತಮ್ಮ ಅಷ್ಟನ್ನೂ ಕಂಪ್ಯೂಟರಿಗೆ ಹಾಕಿಕೊಟ್ಟಿದ್ದಾನೆ. ಮೊಬೈಲಿನಲ್ಲಿ ಕೇಳಿದೆ, ಬ್ಲೂಟೂತ್ ಡಬ್ಬಿಯಲ್ಲೂ ಕೇಳಿದೆ. ಹಾಡು ಕೇಳಿಸುತ್ತದೆ, ಹಾಡುವವರು ಎದುರಿಗೆ ಬಂದು ಕೂರುವುದಿಲ್ಲ.

ಮೊನ್ನೆ ಹುಬ್ಬಳ್ಳಿಯ ದುರ್ಗದಬೈಲ್ ಕಡೆ ಹೋದಾಗ ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಜಪಾನಿನ ಆಂಪ್ಲಿಫೈಯರ್ ನೋಡಿದೆ. ಜೊತೆಗೆ ಕಟ್ಟಿಗೆ ಪೆಟ್ಟಿಗೆಯ ಸ್ಪೀಕರ್ ಜೋಡಿ. ವೂಫರ್ (ತಗ್ಗಿನ ಸ್ವರದ ದೊಡ್ಡ ಸ್ಪೀಕರ್) ಆರೂವರೆ ಇಂಚಿನದು. ಎರಡೂ ಸೇರಿ 16,000 ಕೇಳುತ್ತಿದ್ದಾರೆ. ನನಗೆ ಈ ವಿಷಯ ಏನೂ ಗೊತ್ತಿಲ್ಲ. ಬರುವ ಶನಿವಾರ ಮತ್ತೆ ಹೋಗುತ್ತೇನೆ. ಏನು ನೋಡಬೇಕು, ಏನು ಕೇಳಬೇಕು, ದಯವಿಟ್ಟು ಹೇಳಿ.

ಕೇಶ್ವಾಪುರ_ಕಿವಿ:
ಯಾವ ಕಂಪನಿ ಸರ್? ಎಷ್ಟು ವ್ಯಾಟ್? 16,000ಕ್ಕೆ ಹೊಸ ಬ್ಲೂಟೂತ್ ಆಂಪ್ಲಿಫೈಯರೇ ಬರುತ್ತದಲ್ವಾ, ಗ್ಯಾರಂಟಿ ಸಹಿತ?

ಗದಗ_ಬೆಸುಗೆ:
ನಮಸ್ಕಾರ ಸರ್. ಮೂವತ್ತು ವರ್ಷದಿಂದ ರೇಡಿಯೋ, ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡುತ್ತಿದ್ದೇನೆ. ಕಂಪನಿ ಹೆಸರು ಸದ್ಯಕ್ಕೆ ಬಿಡಿ. ಆಂಪ್ಲಿಫೈಯರ್ ತಿರುಗಿಸಿ ಹಿಂದಿನ ತಗಡು ಓದಿ. ಜಪಾನಿನ ಒಳಗೆ ಮಾರಲು ಮಾಡಿದ್ದಾದರೆ 100 ವೋಲ್ಟ್ ಎಂದು ಬರೆದಿರುತ್ತದೆ. ಅಮೆರಿಕದ್ದಾದರೆ 120. ನಮ್ಮದು 230. ದುಬೈ, ಮಸ್ಕತ್‌ನಿಂದ ಯಾರೋ ಹೊತ್ತು ತಂದಿದ್ದಾದರೆ 220ರಿಂದ 240ಕ್ಕೆ ಹೊಂದುತ್ತದೆ, ಇಲ್ಲವೇ ವೋಲ್ಟೇಜ್ ಬದಲಿಸುವ ಗುಂಡಿ ಇರುತ್ತದೆ. 100ರದ್ದನ್ನು ನೇರ ನಮ್ಮ ಪ್ಲಗ್ಗಿಗೆ ಚುಚ್ಚಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟಿತು ಅಂತಲೇ ತಿಳಿಯಿರಿ. ಅಂಗಡಿಯಲ್ಲಿ ಅದು ಓಡುತ್ತಿದ್ದರೆ ಕೆಳಗೆ ಎಲ್ಲಾದರೂ ವೋಲ್ಟೇಜ್ ಇಳಿಸುವ ಡಬ್ಬಿ ಇದೆಯಾ ನೋಡಿ.

ಅದೇ ತಗಡಿನ ಮೇಲೆ ಎಷ್ಟು ವ್ಯಾಟ್ ಕರೆಂಟು ತಿನ್ನುತ್ತದೆ ಅನ್ನುವುದೂ ಇರುತ್ತದೆ. 140 ವ್ಯಾಟ್ ತಿನ್ನುವ ಮಷೀನು ಪ್ರತಿ ಕಡೆ 100 ವ್ಯಾಟ್ ಸತತವಾಗಿ ಕೊಡಲಾರದು. ಟೂ-ಇನ್-ವನ್ ಕಾಲದಲ್ಲಿ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಲೆಕ್ಕ) ಅಂತ ಸಾವಿರಗಟ್ಟಲೆ ವ್ಯಾಟ್ ಬರೆಯುತ್ತಿದ್ದರು. ಅದಕ್ಕೆ ಬೆಲೆ ಕೊಡಬೇಡಿ. ಆರ್‌ಎಂಎಸ್ (ಸತತವಾಗಿ ಕೊಡುವ ವ್ಯಾಟ್) ಎಷ್ಟು ಅನ್ನುವುದೊಂದೇ ಲೆಕ್ಕ.

ಶನಿವಾರ ಹೋಗುವಾಗ ಒಂದು ಮಲ್ಟಿಮೀಟರ್ ಇಟ್ಟುಕೊಳ್ಳಿ. ಸ್ಪೀಕರ್ ತಂತಿ ಬಿಚ್ಚಿಸಿ, ವಾಲ್ಯೂಮ್ ಸೊನ್ನೆಗೆ ಇಟ್ಟು ಆಂಪ್ಲಿಫೈಯರ್ ಆನ್ ಮಾಡಿಸಿ. ಒಳಗೆ ರಿಲೇ (ಸ್ಪೀಕರನ್ನು ತಡವಾಗಿ ಜೋಡಿಸುವ ಸ್ವಿಚ್ಚು) ಇರುವ ಮಾದರಿಯಾದರೆ ಮೂರ್ನಾಲ್ಕು ಸೆಕೆಂಡಿಗೆ 'ಟಕ್' ಅನ್ನುತ್ತದೆ. ಅದು ಒಳ್ಳೆಯ ಲಕ್ಷಣ. ಆಮೇಲೆ ಸ್ಪೀಕರ್ ಕಟ್ಟುವ ಎರಡು ಮೊಳೆಗಳ ಮಧ್ಯೆ ಡಿಸಿ ಮಿಲಿವೋಲ್ಟ್ ಅಳೆಯಿರಿ. 50ರ ಒಳಗಿದ್ದರೆ ಆರಾಮ. 100 ದಾಟಿದರೆ ಒಳಗೆ ಏನೋ ಸೋತಿದೆ. ಎರಡು ಬದಿಯೂ ಅಳೆಯಿರಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಅದಕ್ಕೆ ಸ್ಪೀಕರ್ ಮುಟ್ಟಿಸಲೇಬೇಡಿ, ಅದರೊಳಗಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಸುಡುತ್ತದೆ.

ಫ್ಯೂಸ್ ತೆಗೆಸಿ ನೋಡಿ. ಅಲ್ಲಿ ದಪ್ಪ ತಂತಿ ಸುತ್ತಿದ್ದರೆ ಹಿಂದೆ ಕೈಯಾಡಿಸಿದವರು ಎಂಥವರು ಅಂತ ಗೊತ್ತಾಗುತ್ತದೆ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಹೆದರಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಎರಡು ಹನಿ ಬಿಟ್ಟು ಇಪ್ಪತ್ತು ಸಲ ತಿರುಗಿಸಿದರೆ ಬಹಳ ಸಲ ಸರಿಹೋಗುತ್ತದೆ.

ಹಾವೇರಿ_ಮೈಕ್‌ಸೆಟ್:
ಕಾಕಾ ಆಂಪ್ಲಿಫೈಯರ್ ವಿಷಯ ಪೂರ್ತಿ ಹೇಳಿದ್ದಾರೆ. ನಾನು ಸ್ಪೀಕರ್ ಬಗ್ಗೆ ಹೇಳುತ್ತೇನೆ. ನಮ್ಮದು ಮದುವೆ, ಜಾತ್ರೆಗೆ ಮೈಕ್‌ಸೆಟ್ ಹಾಕುವ ಮನೆತನ. ಕೋನ್ (ಸ್ಪೀಕರಿನಲ್ಲಿ ಅಲುಗಿ ಸದ್ದು ಮಾಡುವ ಬಟ್ಟಲು) ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ.

ಸ್ಪೀಕರಿನ ಮುಂದಿನ ಬಟ್ಟೆ ಜಾಳಿಗೆ ತೆಗೆಸಿ. ತೆಗೆಯಲು ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ. ಕೋನಿನ ಸುತ್ತ ಒಂದು ಮೆತ್ತನೆಯ ಬಳೆ ಇರುತ್ತದೆ. ಅದು ರಬ್ಬರ್, ಬಟ್ಟೆ ಅಥವಾ ಫೋಮ್. ರಬ್ಬರ್ ಬಹಳ ವರ್ಷ ಬರುತ್ತದೆ. ಫೋಮ್ ಮಾತ್ರ ಹದಿನೈದು ಇಪ್ಪತ್ತು ವರ್ಷಕ್ಕೆ ಉದುರಲು ಶುರು. ಸ್ಪೀಕರ್ ಬಾರಿಸದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರೂ ಉದುರುತ್ತದೆ. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ. ಅಂಟಂಟಾಗಿ ಪುಡಿ ಬಂದರೆ ಮುಗಿದಿದೆ. ಮುಗಿದರೂ ಸ್ಪೀಕರ್ ಸತ್ತಿಲ್ಲ, ಬಳೆ ಬದಲಾಯಿಸಬಹುದು. ಆ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ, ಅಷ್ಟೇ.

ಒಂದು ಮಾತು ಮರೆಯಬೇಡಿ. ಮೈಕ್‌ಸೆಟ್ ಕೋನ್ ಹಾಕುವವರ ಹತ್ತಿರ ಒಯ್ದರೆ ಹಲವರು ಇಡೀ ಕೋನ್ ಕಿತ್ತು ತಮ್ಮಲ್ಲಿರುವ ಗಟ್ಟಿ ಕಾಗದದ ಕೋನ್ ಹಾಕುತ್ತಾರೆ. ಪೆಂಡಾಲಿಗೆ ಅದು ಸರಿ. ಮನೆಯ ಸ್ಪೀಕರಿಗೆ ಹಾಕಿದರೆ ತಗ್ಗಿನ ಸ್ವರ ಸಾಯುತ್ತದೆ, ದನಿ ಒರಟಾಗುತ್ತದೆ. "ಕೋನ್ ಹಾಗೇ ಇರಲಿ, ಬಳೆ ಮಾತ್ರ" ಎಂದು ಹೇಳಿ ಮಾಡಿಸಿ. ನಿಮ್ಮ ಎದುರಿಗೇ ಮಾಡಿಸಿದರೆ ಇನ್ನೂ ಒಳ್ಳೆಯದು.

ಆಮೇಲೆ ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಸಮನಾಗಿ ಇಟ್ಟು ಸ್ವಲ್ಪ ಒಳಗೆ ಒತ್ತಿ. ಸದ್ದಿಲ್ಲದೆ ಹೋಗಿ ಸದ್ದಿಲ್ಲದೆ ಬರಬೇಕು. ಉಜ್ಜಿದ ಸದ್ದು ಬಂದರೆ ಕಾಯಿಲ್ ಅಯಸ್ಕಾಂತಕ್ಕೆ ತಗಲುತ್ತಿದೆ. ಆ ಸ್ಪೀಕರ್ ಬೇಡ. ಒಂದು ಟಾರ್ಚ್ ಸೆಲ್ಲೂ ಜೊತೆಗಿರಲಿ, ಸ್ಪೀಕರಿನ ಮೊಳೆಗೆ ಅರೆ ಕ್ಷಣ ಮುಟ್ಟಿಸಿ ಎರಡೂ ಕೋನ್ ಒಂದೇ ಕಡೆ ಸರಿಯುತ್ತವೆಯಾ ನೋಡಲು.

ಗದಗ_ಬೆಸುಗೆ:
ಹಾವೇರಿ ತಮ್ಮ ಸರಿಯಾಗಿ ಹೇಳಿದ. ಮಲ್ಟಿಮೀಟರಿನಲ್ಲಿ ಸ್ಪೀಕರ್ ಓಮ್ ಕೂಡ ನೋಡಿ. 8 ಓಮಿನದು ಮೀಟರಿನಲ್ಲಿ 6ರ ಆಸುಪಾಸು ತೋರಿಸುತ್ತದೆ, ಅದು ಸಹಜ. ಆದರೆ ಇದರಲ್ಲಿ ತಿಳಿಯುವುದು ವೂಫರಿನ ಆರೋಗ್ಯ ಮಾತ್ರ. ಮೇಲಿನ ಸ್ವರದ ಸಣ್ಣ ಸ್ಪೀಕರ್, ಅಂದರೆ ಟ್ವೀಟರಿನ ದಾರಿಯಲ್ಲಿ ಕೆಪಾಸಿಟರ್ ಇರುವುದರಿಂದ ಮೀಟರಿಗೆ ಟ್ವೀಟರ್ ಕಾಣುವುದಿಲ್ಲ. ಟ್ವೀಟರ್ ಸುಟ್ಟಿದ್ದರೂ 6 ಓಮ್ ತೋರಿಸುತ್ತದೆ! ಅದಕ್ಕೆ ಸಣ್ಣಗೆ ಹಾಡು ಹಾಕಿ ಪ್ರತಿ ಟ್ವೀಟರಿಗೂ ಕಿವಿ ಹಚ್ಚಿ ಕೇಳಬೇಕು.

ಮಾಳಮಡ್ಡಿ_ತಂಬೂರಿ:
ಕಿವಿಯ ಮಾತು ಬಂತಲ್ವಾ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಮಕ್ಕಳಿಗೆ ಹಾಡು ಕಲಿಸುವವಳು. ಮಷೀನು ಗೊತ್ತಿಲ್ಲ, ದನಿ ಗೊತ್ತು.

ಅಂಗಡಿಯವರು ಸ್ಪೀಕರ್ ತೋರಿಸುವಾಗ ಧಡಧಡ ಬಡಿಯುವ ಹೊಸ ಹಾಡು ಹಾಕುತ್ತಾರೆ. ಅದರಲ್ಲಿ ಯಾವ ಸ್ಪೀಕರೂ ಚೆಂದ. ನೀವು ಅಪ್ಪನ ಕ್ಯಾಸೆಟ್ಟಿನದೇ ಒಂದು ವಿಲಂಬಿತ (ನಿಧಾನಗತಿಯ ಹಾಡು) ಒಯ್ಯಿರಿ. ನಿಮಗೆ ಹುಟ್ಟಿದಾಗಿನಿಂದ ಗೊತ್ತಿರುವ ದನಿ ಅದು. ಮನ್ಸೂರರ ದನಿಯಲ್ಲಿ ಏನು ತಪ್ಪಿದರೂ ನಿಮ್ಮ ಕಿವಿ ಹಿಡಿಯುತ್ತದೆ.

ರೇಡಿಯೋದಿಂದ ಮೀಡಿಯಂ ವೇವಿನಲ್ಲಿ ತುಂಬಿದ್ದಾದರೆ ಅದು ಮೊನೊ. ಬಹಳ ಜನ ಅದನ್ನು ಕೊರತೆ ಅಂದುಕೊಳ್ಳುತ್ತಾರೆ. ಹಳೆಯ ಸ್ಪೀಕರ್ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಎರಡು ಸ್ಪೀಕರಿಗೂ ಒಂದೇ ದನಿ ಹೋಗುತ್ತದೆ. ಎರಡೂ ಸರಿಯಾಗಿದ್ದರೆ, ನೀವು ನಟ್ಟನಡುವೆ ಕೂತರೆ, ದನಿ ಎರಡರಿಂದಲೂ ಬರುವುದಿಲ್ಲ. ನಡುವಿನ ಖಾಲಿ ಜಾಗದಿಂದ ಬರುತ್ತದೆ. ಅಲ್ಲಿ ಒಬ್ಬರು ಕೂತು ಹಾಡಿದ ಹಾಗೆ. ದನಿ ಒಂದು ಕಡೆ ಜಗ್ಗಿದರೆ, ಹರಡಿದರೆ, ಎಲ್ಲಿಂದ ಬರುತ್ತಿದೆ ಅಂತಲೇ ತಿಳಿಯದಿದ್ದರೆ ಜೋಡಿಯಲ್ಲಿ ದೋಷ ಇದೆ. ನೀವು ಹಾಡುವವರು ಎದುರಿಗೆ ಬಂದು ಕೂರಬೇಕು ಅಂದಿರಲ್ಲ, ಅದು ಆಗುವುದು ಇಲ್ಲಿಯೇ.

ಆಮೇಲೆ ತಂಬೂರಿ ಕೇಳಿ. ಜವಾರಿ (ತಂತಿಯ ಝೇಂಕಾರ) ಸಣ್ಣಗೆ, ಎಳೆ ಎಳೆಯಾಗಿ ಇರಬೇಕು. ಜೇನುನೊಣದ ಹಾಗೆ ಕೊರೆದರೆ ಟ್ವೀಟರ್ ಸರಿಯಿಲ್ಲ, ಇಲ್ಲವೇ ಮೇಲಿನ ಸ್ವರ ಜಾಸ್ತಿ ಇಟ್ಟಿದ್ದಾರೆ. ಆದರೆ ಇದಕ್ಕೆ ರೇಡಿಯೋ ಕ್ಯಾಸೆಟ್ ಸಾಲದು, ಮೀಡಿಯಂ ವೇವಿನಲ್ಲಿ ಮೇಲಿನ ಸ್ವರಗಳು ಮೊದಲೇ ಕತ್ತರಿಸಿ ಹೋಗಿರುತ್ತವೆ. ಒಂದು ಒಳ್ಳೆಯ ಸಿ.ಡಿ. ಧ್ವನಿಮುದ್ರಣವೂ ಇರಲಿ.

ಗದಗ_ಬೆಸುಗೆ:
ಅಕ್ಕಾ, ಇದನ್ನು ನನ್ನ ಅಂಗಡಿ ಗೋಡೆಗೆ ಬರೆದು ಹಚ್ಚುತ್ತೇನೆ.

ಒಂದು ಸೇರಿಸುತ್ತೇನೆ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಹಾಕುವಾಗ ಟೇಪು ಓದುವ ಹೆಡ್ಡು ಸ್ವಲ್ಪ ಓರೆ ಇದ್ದರೂ ಎಡ ಬಲ ಒಂದೇ ಸಮ ಇರುವುದಿಲ್ಲ. ಪರೀಕ್ಷೆ ತಪ್ಪುತ್ತದೆ. ಮೊಬೈಲಿನ ಸೆಟ್ಟಿಂಗಿನಲ್ಲಿ 'ಮೊನೊ ಆಡಿಯೋ' ಅಂತ ಇದೆ, ಅದನ್ನು ಆನ್ ಮಾಡಿಕೊಂಡು ಕೇಳಿ.

ದನಿ ಒಂದು ಕಡೆ ಜಗ್ಗಿದರೆ ಎಡದ ಸ್ಪೀಕರ್ ತಂತಿ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸಿ. ಹಾಕುವ ಮುಂಚೆ ಆಂಪ್ಲಿಫೈಯರ್ ಆಫ್ ಇರಲಿ. ದೋಷ ಸ್ಪೀಕರ್ ಜೊತೆಗೇ ಉಳಿದರೆ ಸ್ಪೀಕರಿನದು. ಇನ್ನೊಂದು ಸ್ಪೀಕರಿಗೆ ಹೋದರೆ ಆಂಪ್ಲಿಫೈಯರಿನದು.

ಕೇಶ್ವಾಪುರ_ಕಿವಿ:
ಕಾಕಾ, 30 ವ್ಯಾಟ್ ಸಾಕಾಗುತ್ತದಾ? ನನ್ನ ಗೆಳೆಯರೆಲ್ಲ 100ಕ್ಕಿಂತ ಕಡಿಮೆ ಬೇಡ ಅನ್ನುತ್ತಾರೆ.

ಗದಗ_ಬೆಸುಗೆ:
ಸಾಕು ತಮ್ಮಾ. 1978ರಲ್ಲಿ ಬಂದ ನ್ಯಾಡ್ 3020 ಅನ್ನುವ ಆಂಪ್ಲಿಫೈಯರ್ ಬರೀ 20 ವ್ಯಾಟಿನದು. ಇವತ್ತಿಗೂ ಜನ ಹುಡುಕಿಕೊಂಡು ಹೋಗಿ ಕೊಳ್ಳುತ್ತಾರೆ. ಸ್ಪೀಕರಿನ ಹಿಂದೆ 86 ಡೆಸಿಬೆಲ್, 90 ಡೆಸಿಬೆಲ್ ಅಂತ ಬರೆದಿರುವುದನ್ನು ನೋಡು. 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಸದ್ದು ಅನ್ನುವ ಲೆಕ್ಕ ಅದು. 3 ಡೆಸಿಬೆಲ್ ಜಾಸ್ತಿ ಬೇಕೆಂದರೆ ವ್ಯಾಟ್ ಎರಡು ಪಟ್ಟು ಬೇಕು. ಅಂದರೆ 89ರ ಸ್ಪೀಕರಿಗೆ 30 ವ್ಯಾಟ್ ಕೊಟ್ಟರೂ, 86ರ ಸ್ಪೀಕರಿಗೆ 60 ಕೊಟ್ಟರೂ ಸದ್ದು ಒಂದೇ. ಸಣ್ಣ ಕೋಣೆಯಲ್ಲಿ ಕೂತು ಖಯಾಲ್ ಕೇಳುವಾಗ ಬಹಳ ಹೊತ್ತು 1 ವ್ಯಾಟೂ ಖರ್ಚಾಗುವುದಿಲ್ಲ. ಸಣ್ಣ ಆಂಪ್ಲಿಫೈಯರನ್ನು ಒಡೆದ ದನಿ ಬರುವಷ್ಟು ಏರಿಸಿದರೆ ಮಾತ್ರ ಟ್ವೀಟರ್ ಸುಡುತ್ತದೆ. ದನಿ ಒರಟಾದ ಕೂಡಲೇ ಇಳಿಸಬೇಕು.

ಸಪ್ತಾಪುರ_ಕೇಳುಗ:
ಇವತ್ತು ಅಂಗಡಿಗೆ ಬಂದಿದ್ದೇನೆ, ಇಲ್ಲಿಂದಲೇ ಬರೆಯುತ್ತಿದ್ದೇನೆ. ಚಿಗರಿ ಬಸ್ಸಿನಲ್ಲಿ ಮಲ್ಟಿಮೀಟರ್, ಒಂದು ಟಾರ್ಚ್ ಸೆಲ್, ಮೊಬೈಲ್ ತಂತಿ ಹಿಡಿದುಕೊಂಡು ಬಂದೆ. ಅಂಗಡಿಯವರು ಒಳ್ಳೆಯ ಮನುಷ್ಯರು. ಬೇಕಾದಷ್ಟು ಹೊತ್ತು ಕೇಳಿ ಅಂತ ಸ್ಟೂಲ್ ಹಾಕಿಕೊಟ್ಟರು.

ಆಂಪ್ಲಿಫೈಯರ್ ಹಿಂದೆ 100 ವೋಲ್ಟ್, 50/60 ಹರ್ಟ್ಸ್, 140 ವ್ಯಾಟ್ ಅಂತ ಇದೆ. ಕಾಕಾ ಹೇಳಿದ ಹಾಗೆ ಮೇಜಿನ ಕೆಳಗೆ ವೋಲ್ಟೇಜ್ ಇಳಿಸುವ ಡಬ್ಬಿ ಇತ್ತು. ಅದನ್ನು ಅವರು ಕೊಡುವುದಿಲ್ಲವಂತೆ. ಡಿಸಿ ಎಡಕ್ಕೆ 14 ಮಿಲಿವೋಲ್ಟ್, ಬಲಕ್ಕೆ 22. ರಿಲೇ ಟಕ್ ಅಂದಿತು. ವಾಲ್ಯೂಮ್ ಕರಕರ. ಸ್ಪೀಕರ್ ಎರಡೂ 6ರ ಹತ್ತಿರ ಓಮ್. ಫೋಮ್ ಬಳೆ ಎರಡರದ್ದೂ ಬೆರಳಿಗೆ ಅಂಟಿ ಬಂತು.

ಆಮೇಲೆ ಅಪ್ಪನ ಕ್ಯಾಸೆಟ್ಟಿನ ರಾಜಗುರು ಹಾಕಿದೆ, ಮೊನೊ ಮಾಡಿ. ದನಿ ನಡುವೆ ಬರಲೇ ಇಲ್ಲ. ಕೋಣೆ ತುಂಬ ಇದೆ, ಎಲ್ಲಿಯೂ ಇಲ್ಲ. ಡಗ್ಗಾ (ತಬಲಾ ಜೋಡಿಯ ತಗ್ಗಿನ ಸ್ವರದ ವಾದ್ಯ) ತೆಳ್ಳಗೆ, ಯಾರೋ ರಟ್ಟಿನ ಡಬ್ಬಿ ಬಡಿದ ಹಾಗೆ. ಇದು ಏನು?

ಹಾವೇರಿ_ಮೈಕ್‌ಸೆಟ್:
ಒಂದು ಸ್ಪೀಕರಿನ ತಂತಿ ಉಲ್ಟಾ ಇದೆ ಸರ್! ಒಂದು ಕೋನ್ ಹೊರಗೆ ಬರುವಾಗ ಇನ್ನೊಂದು ಒಳಗೆ ಹೋಗುತ್ತಿದೆ. ಎರಡೂ ಸೇರಿ ತಗ್ಗಿನ ಸ್ವರವನ್ನು ಹೊಡೆದು ಹಾಕುತ್ತವೆ. ಸೆಲ್ ಹಚ್ಚಿ ನೋಡಿದಿರಾ?

ಸಪ್ತಾಪುರ_ಕೇಳುಗ:
ನೋಡಿದೆ. ಕೆಂಪು ಮೊಳೆಗೆ ಸೆಲ್ಲಿನ ಪ್ಲಸ್, ಕಪ್ಪಿಗೆ ಮೈನಸ್, ಅರೆ ಕ್ಷಣ ಮುಟ್ಟಿಸಿದೆ. ಎಡದ ಕೋನ್ ಹೊರಗೆ ಬಂತು, ಬಲದ್ದು ಒಳಗೆ ಹೋಯಿತು. ಅಂಗಡಿಯವರೇ ಬಲದ ಪೆಟ್ಟಿಗೆಯ ವೂಫರ್ ಬಿಚ್ಚಿದರು. ಹಿಂದೆ ಯಾರೋ ರಿಪೇರಿ ಮಾಡುವಾಗ ವೂಫರಿನ ಎರಡು ತಂತಿ ಅದಲು ಬದಲು ಬೆಸೆದಿದ್ದರು. ಅಲ್ಲೇ ಬೆಸುಗೆ ಬಿಚ್ಚಿ ಸರಿ ಮಾಡಿದರು.

ಮತ್ತೆ ಅದೇ ಕಡೆಯಿಂದ ಹಾಕಿದೆ. ಅಕ್ಕಾ, ಏನು ಹೇಳಲಿ. ಎರಡು ಪೆಟ್ಟಿಗೆಯ ನಡುವೆ ಹಳೆಯ ಹೊಲಿಗೆ ಯಂತ್ರ ಇತ್ತು. ದನಿ ಅದರ ಮೇಲಿನಿಂದ ಬಂತು. ಫೋಮ್ ಹರಿದಿದ್ದರೂ ಬಂತು. ಅಂಗಡಿಯ ಹುಡುಗ ಕೈಯಲ್ಲಿನ ಕೆಲಸ ಬಿಟ್ಟು ನಿಂತುಕೊಂಡ.

11,500ಕ್ಕೆ ಒಪ್ಪಿದರು. ಫೋಮ್, ಇಳಿಸುವ ಡಬ್ಬಿ ನನ್ನ ಖರ್ಚು. ಮುಂಗಡ ಕೊಟ್ಟು ಬಂದೆ.

ಕೇಶ್ವಾಪುರ_ಕಿವಿ:
ಸರ್, ನೀವು ಬರೆದದ್ದು ಓದಿ ನಾನೂ ಸೆಲ್ ಹಚ್ಚಿ ನೋಡಿದೆ. ಎರಡು ವರ್ಷದಿಂದ ನನ್ನ ಒಂದು ಸ್ಪೀಕರ್ ಉಲ್ಟಾ ಇತ್ತು. ಈಗ ಸರಿಮಾಡಿದೆ. ಬೇರೆ ಸ್ಪೀಕರ್ ತಂದ ಹಾಗಿದೆ.

ಗದಗ_ಬೆಸುಗೆ:
ಒಳ್ಳೆಯದಾಯಿತು. ಡಬ್ಬಿಯ ವಿಷಯದಲ್ಲಿ ಅವಸರ ಮಾಡಬೇಡಿ ಸರ್. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 230ರಿಂದ 110ಕ್ಕೆ ಇಳಿಸುವುದು. ರಾತ್ರಿ ಲೈನಿನಲ್ಲಿ 240 ಬಂದರೆ ಅದು 115 ಕೊಡುತ್ತದೆ. 100ರ ಮಷೀನಿಗೆ ಶೇಕಡಾ 15 ಜಾಸ್ತಿ. ಒಳಗಿನ ಕೆಪಾಸಿಟರುಗಳಿಗೆ ಮೊದಲೇ ನಲವತ್ತು ವರ್ಷ ವಯಸ್ಸು, ಆ ಭಾರ ಹೊರಿಸಬಾರದು. ಟ್ರಾನ್ಸ್‌ಫಾರ್ಮರ್ ಸುತ್ತುವವರಿಗೆ 240ಕ್ಕೆ 100 ಬರುವಂತೆ, 300 ವಿಎ ಅಂತ ಹೇಳಿ ಮಾಡಿಸಿ. ಎರಡು ಪ್ರತ್ಯೇಕ ಸುತ್ತಿನದು ಬೇಕು ಅನ್ನಿ. ಒಂದೇ ಸುತ್ತಿನ ಆಟೋ ಟ್ರಾನ್ಸ್‌ಫಾರ್ಮರ್ ಅಗ್ಗ, ಆದರೆ ಅದರಲ್ಲಿ ಮಷೀನು ಲೈನಿನಿಂದ ಬೇರೆಯಾಗಿರುವುದಿಲ್ಲ. 50 ಹರ್ಟ್ಸ್ ಬಗ್ಗೆ ಚಿಂತೆ ಬೇಡ. ಜಪಾನಿನಲ್ಲೇ ಪೂರ್ವಕ್ಕೆ 50, ಪಶ್ಚಿಮಕ್ಕೆ 60 ಇದೆ, ಎರಡಕ್ಕೂ ಮಾಡಿರುತ್ತಾರೆ.

ಅಡ್ಡಮಳೆ ದಿನಗಳಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಸಪ್ತಾಪುರ_ಕೇಳುಗ:
ಮೂರು ವಾರ ಆಯಿತು. ಡಬ್ಬಿ ಮಾಡಿಸಿದೆ, 1,900 ಆಯಿತು. ಹಾವೇರಿ ಸರ್ ಊರಿಗೇ ಸ್ಪೀಕರ್ ಒಯ್ದು ಅವರ ಎದುರಿಗೆ ಬಳೆ ಹಾಕಿಸಿಕೊಂಡು ಬಂದೆ. ಊಟ ಹಾಕಿ ಕಳಿಸಿದರು, ಬಳೆಯ ದುಡ್ಡು ಬಿಟ್ಟು ಒಂದು ರೂಪಾಯಿ ಮುಟ್ಟಲಿಲ್ಲ.

ಆದರೆ ಮನೆಯಲ್ಲಿ ಹೊಸ ತೊಂದರೆ. ಡಗ್ಗಾ ಒಂದೊಂದು ಹೊಡೆತಕ್ಕೂ ಗುಂಯ್ ಅಂತ ಊದಿಕೊಳ್ಳುತ್ತದೆ. ಗೋಡೆಯ ಶೋಕೇಸಿನಲ್ಲಿ ಎರಡು ಮೂಲೆಗೆ ಇಟ್ಟಿದ್ದೇನೆ. ಕೋಣೆ 10 ಅಡಿ ಉದ್ದ, 10 ಅಡಿ ಅಗಲ. ಹಳೆಯ ಮನೆ, ಎತ್ತರವೂ 10. ಕೂರುವುದು ಎದುರು ಗೋಡೆಗೆ ಒರಗಿ, ನೆಲದ ಮೇಲೆ.

ಹಾವೇರಿ_ಮೈಕ್‌ಸೆಟ್:
ಮೂರೂ ಕಡೆ ಒಂದೇ ಅಳತೆ! ಅಲ್ಲೇ ಇದೆ ನೋಡಿ. ಗೋಡೆಯಿಂದ ಗೋಡೆಗೆ ಸದ್ದು ಹೋಗಿ ಬರುತ್ತದಲ್ಲ, 10 ಅಡಿಗೆ 56 ಹರ್ಟ್ಸಿನ ಸ್ವರ ಸರಿಯಾಗಿ ಹೊಂದಿ ಕೂರುತ್ತದೆ. ಅದರ ಎರಡರಷ್ಟು, 112 ಕೂಡ. ಉದ್ದ, ಅಗಲ, ಎತ್ತರ ಬೇರೆ ಬೇರೆ ಇದ್ದರೆ ಈ ಸ್ವರಗಳು ಹಂಚಿ ಹೋಗುತ್ತವೆ. ನಿಮ್ಮಲ್ಲಿ ಮೂರೂ ಒಂದೇ ಕಡೆ ಗುಡ್ಡೆಯಾಗಿವೆ. ಅದರ ಮೇಲೆ ಸ್ಪೀಕರ್ ಮೂಲೆಯಲ್ಲಿ, ನೀವು ಗೋಡೆಗೆ. ಮೂಲೆ ಮತ್ತು ಗೋಡೆ ಎರಡೂ ತಗ್ಗಿನ ಸ್ವರವನ್ನು ಏರಿಸುವ ಜಾಗಗಳು.

ಶೋಕೇಸಿನಿಂದ ಹೊರಗೆ ತನ್ನಿ. ಹಿಂದಿನ ಗೋಡೆಯಿಂದ ಎರಡು ಅಡಿ, ಪಕ್ಕದ ಗೋಡೆಯಿಂದ ಎರಡೂವರೆ. ಎರಡರ ನಡುವೆ ಐದು ಅಡಿ ಇರಲಿ. ನೀವು ಗೋಡೆ ಬಿಟ್ಟು ಮುಂದೆ ಬನ್ನಿ, ಎರಡೂ ಸ್ಪೀಕರಿನಿಂದ ಐದಾರು ಅಡಿ ದೂರ. ಪೆಟ್ಟಿಗೆಯ ಹಿಂದೆ ಕೊಳವೆ ಇದ್ದರೆ ಅದರಲ್ಲಿ ಒಂದು ಕಾಲುಚೀಲ ತುರುಕಿ ನೋಡಿ, ಗುಂಯ್ ಕಡಿಮೆ ಆಗುತ್ತದೆ.

ಮಾಳಮಡ್ಡಿ_ತಂಬೂರಿ:
ನೆಲದ ಮೇಲೆ ಕೂರುತ್ತೀರಿ ಅಂದಿರಿ. ಹಾಗಾದರೆ ಸ್ಟ್ಯಾಂಡ್ ಎತ್ತರ ಗಮನಿಸಿ. ಎಲ್ಲರೂ ಹೇಳುವ ಅಳತೆ ಕುರ್ಚಿಯಲ್ಲಿ ಕೂರುವವರಿಗೆ. ಚಕ್ಕಳಮಕ್ಕಳ ಹಾಕಿ ಕೂತರೆ ಕಿವಿ ನೆಲದಿಂದ ಎರಡೂವರೆ ಅಡಿಯ ಹತ್ತಿರ ಇರುತ್ತದೆ. ಟ್ವೀಟರ್ ಅಲ್ಲಿಗೇ ಬರಬೇಕು. ನಮ್ಮ ಮನೆಯಲ್ಲಿ ಗಿಡ್ಡ ಮಣೆ ಮಾಡಿಸಿ, ಮೇಲೆ ಒಂದು ತುಂಡು ಶಹಾಬಾದಿ ಫರಸಿ ಇಟ್ಟು, ಅದರ ಮೇಲೆ ಸ್ಪೀಕರ್ ಇಟ್ಟಿದ್ದೇವೆ. ಅಲುಗುವುದೇ ಇಲ್ಲ.

ನಡುವೆ ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆ ಚಿರ್ ಅಂತ ಬಾಲ ಬಂದರೆ ಗೋಡೆಗೆ ಒಂದು ಕೌದಿ ಕಟ್ಟಿ. ಜಮಖಾನೆ, ಕೌದಿಯಿಂದ ಡಗ್ಗಾದ ಗುಂಯ್ ಹೋಗುವುದಿಲ್ಲ. ಅದಕ್ಕೆ ಹಾವೇರಿಯವರು ಹೇಳಿದ ದಾರಿಯೇ. ಇವು ದನಿಯ ಅಂಚು ಮಸುಕಾಗದಂತೆ ಕಾಯುತ್ತವೆ. ತಾನ್ ತೆಗೆದುಕೊಳ್ಳುವಾಗ ಒಂದೊಂದು ಸ್ವರ ಬಿಡಿಬಿಡಿಯಾಗಿ ಕೇಳಬೇಕಲ್ವಾ, ಅದಕ್ಕೆ ಬೇಕು.

ಸಪ್ತಾಪುರ_ಕೇಳುಗ:
ನೀವು ಹೇಳಿದ್ದೆಲ್ಲ ಮಾಡಿದೆ. ಇಡೀ ಭಾನುವಾರ ಅದೇ ಕೆಲಸ. ಆರು ಇಂಚು ಹಿಂದೆ, ಆರು ಇಂಚು ಮುಂದೆ ಸರಿಸಿ ಸರಿಸಿ, ಕೊನೆಗೆ ಹಿಂದಿನ ಗೋಡೆಯಿಂದ ಎರಡು ಅಡಿ ನಾಲ್ಕು ಇಂಚಿಗೆ ಡಗ್ಗಾ ನೆಟ್ಟಗಾಯಿತು. ನೆಲಕ್ಕೆ ಸುಣ್ಣದಲ್ಲಿ ಗುರುತು ಹಾಕಿದ್ದೇನೆ. ತಂತಿ 1.5 ಸ್ಕ್ವೇರ್ ಎಂಎಂ ತಾಮ್ರದ್ದು, ಕರೆಂಟಿನ ಸಾಮಾನಿನ ಅಂಗಡಿಯದೇ. ನಾಲ್ಕು ಮೀಟರಿಗೆ ಅಷ್ಟು ಸಾಕು ಅಂತ ಕಾಕಾ ಫೋನಿನಲ್ಲಿ ಹೇಳಿದ್ದರು.

ಸಂಜೆ ಅವ್ವ ಬಂದು ಜಮಖಾನೆಯ ಅಂಚಿಗೆ ಕೂತರು. ಗಂಗೂಬಾಯಿಯವರದ್ದು ಹಾಕಿದ್ದೆ. ಸ್ವಲ್ಪ ಹೊತ್ತಿಗೆ ಅವ್ವ ಎದ್ದು, ಎರಡು ಸ್ಪೀಕರಿನ ನಡುವೆ ನಾನು ಬಿಟ್ಟಿದ್ದ ಚಹಾದ ಲೋಟ ತೆಗೆದು ಬದಿಗಿಟ್ಟರು. "ಅಲ್ಲಿ ಅವರು ಕೂತಿದ್ದಾರೆ" ಅಂದರು.

ಮಾಳಮಡ್ಡಿ_ತಂಬೂರಿ:
ಅವ್ವನಿಗೆ ನನ್ನ ನಮಸ್ಕಾರ ಹೇಳಿ. ಒಂದು ದಿನ ಮಕ್ಕಳನ್ನು ಕರೆದುಕೊಂಡು ಬರಲಾ?

ಸಪ್ತಾಪುರ_ಕೇಳುಗ:
ಖಂಡಿತ ಬನ್ನಿ ಅಕ್ಕಾ. ಯಾವ ಭಾನುವಾರವಾದರೂ ಸರಿ.

ಕೇಶ್ವಾಪುರ_ಕಿವಿ:
ಹಾವೇರಿ ಸರ್, ನನ್ನ 8 ಇಂಚಿನ ವೂಫರಿಗೂ ಫೋಮ್ ಹೋಗಿದೆ. 8 ಇಂಚಿನ ಬಳೆ ಅಂತ ಕೇಳಿದರೆ ಸಾಕಾ?

ಹಾವೇರಿ_ಮೈಕ್‌ಸೆಟ್:
ಸಾಲದು ತಮ್ಮಾ. 8 ಇಂಚು ಅಂತ ಮಾರುವ ಬಳೆಗಳಲ್ಲೇ ನಾಲ್ಕಾರು ಅಳತೆ ಇವೆ. ಕೋನಿನ ಅಂಚಿನಿಂದ ಅಂಚಿಗೆ ಎಷ್ಟು, ಚೌಕಟ್ಟಿಗೆ ಅಂಟುವ ಒಳ ಅಂಚು ಎಷ್ಟು, ಹೊರ ಅಂಚು ಎಷ್ಟು, ಮೂರನ್ನೂ ಮಿಲಿಮೀಟರಿನಲ್ಲಿ ಅಳೆದು ಕಳಿಸು. ಹಳೆಯ ಬಳೆ ಕೋನಿನ ಮೇಲ್ಗಡೆ ಅಂಟಿದೆಯೋ ಕೆಳಗಡೆಯೋ ಅದನ್ನೂ ನೋಡು. ಪೂರ್ತಿ ಉದುರುವ ಮುಂಚೆ ಒಂದು ಫೋಟೋ ತೆಗೆದಿಡು.